ಟ್ರಾನ್ಸ್‌ಪಾಂಡರ್ ಬಂತು, ಬ್ಯಾಟರಿಯ ಗತಿಯೇನು?

ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಆಳಸಮುದ್ರ ಮೀನುಗಾರಿಕೆಗೆ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಯಿತು. ಎರಡು ದಿನಗಳ ಬಳಿಕ ಅದರ ಸಂಪರ್ಕ ಕಡಿದುಹೋಗಿತ್ತು. ಮಹಾರಾಷ್ಟ್ರದ ಮಾಲ್ವಣ ಸಮೀಪ ಸಮುದ್ರದ ತಳದಲ್ಲಿ ಅವಶೇಷ ಪತ್ತೆಯಾದುದು 2019ರ ಮೇ ತಿಂಗಳಲ್ಲಿ. ಈ ದುರಂತವನ್ನು ವಿದ್ಯುತ್ ವೈಫಲ್ಯದ ಲೆಕ್ಕಕ್ಕೆ ಸೇರಿಸಲಾಗದು. ಆದರೆ ದೋಣಿ ಏನಾಯಿತೆಂದು ತಿಳಿಯದೆ ಕುಟುಂಬಗಳು ನಾಲ್ಕೂವರೆ ತಿಂಗಳು ಕಾಯಬೇಕಾದ ಸ್ಥಿತಿ, ಕಡಲಿನಲ್ಲಿ ಸಂಪರ್ಕ ಸಾಧನದ ಅಗತ್ಯವನ್ನು ಕರಾವಳಿಗೆ ಮನಗಾಣಿಸಿತು.

ಈ ದಿಸೆಯಲ್ಲಿ ಕೇಂದ್ರ ಸರ್ಕಾರ ಮಹತ್ವದ ಹೆಜ್ಜೆ ಇರಿಸಿದೆ. ಇಸ್ರೊ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ, ಸುಮಾರು 360 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಚಾಲನೆ ನೀಡಿದರು. ಮೊಬೈಲ್ ಸಂಕೇತ ಸಿಗದ ದೂರದಿಂದಲೂ ಉಪಗ್ರಹದ ಮೂಲಕ ಸಂದೇಶ ಕಳುಹಿಸಲು, ಚಂಡಮಾರುತದ ಮುನ್ನೆಚ್ಚರಿಕೆ ಪಡೆಯಲು ಇದು ನೆರವಾಗುತ್ತದೆ. ಯೋಜನೆ ಸ್ವಾಗತಾರ್ಹ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉಪಕರಣವನ್ನು ಜೀವಂತವಾಗಿ ಇರಿಸಬೇಕಾದ ವಿದ್ಯುತ್ತಿನ ವಿಚಾರ ಚರ್ಚೆಯ ಹೊರಗೇ ಉಳಿದಿದೆ. ಒಳಗೇ ಸಣ್ಣ ಬ್ಯಾಟರಿ ಇರುವ ಸಾಧನವನ್ನೂ ದಿನಗಟ್ಟಲೆ ಕಡಲಿನಲ್ಲಿ ನಡೆಸಬೇಕಾದರೆ ದೋಣಿಯ ವಿದ್ಯುತ್ತಿನಿಂದಲೇ ಚಾರ್ಜ್ ಮಾಡಬೇಕು.

ಯಾಂತ್ರೀಕೃತ ದೋಣಿಯ ವಿದ್ಯುತ್ ವ್ಯವಸ್ಥೆ ಸರಳವಾದುದು. ಡೀಸೆಲ್ ಎಂಜಿನ್ ತಿರುಗಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಎಂಜಿನ್ ನಿಂತಾಗ ದೀಪ, ವೈರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ಎಲ್ಲವೂ ಬ್ಯಾಟರಿಯನ್ನೇ ಅವಲಂಬಿಸುತ್ತವೆ. ಇವೆಲ್ಲ ಸೇರಿ 5 ಆಂಪಿಯರ್ ವಿದ್ಯುತ್ ಬಳಸಿದರೆ, ಲಂಗರು ಹಾಕಿ ಕಳೆಯುವ 10 ಗಂಟೆಗಳ ಒಂದು ರಾತ್ರಿಯಲ್ಲಿ 100 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಬರಿದಾಗುತ್ತದೆ. ಅದೇ ಬ್ಯಾಟರಿ ಮುಂಜಾನೆ ಎಂಜಿನ್ ಚಾಲನೆಗೆ ಬೇಕಾದ ನೂರಾರು ಆಂಪಿಯರ್ ಒದಗಿಸಬೇಕು. ಅದು ಸೋತರೆ ಎಂಜಿನ್ ಮತ್ತು ಸಂಪರ್ಕ ಎರಡೂ ಒಟ್ಟಿಗೇ ನಿಲ್ಲುತ್ತವೆ.

ಲಾರಿಯ ಎಂಜಿನ್‌ಗಾಗಿ ತಯಾರಾದ ಬ್ಯಾಟರಿ ಕ್ಷಣಕಾಲ ಭಾರೀ ವಿದ್ಯುತ್ ಕೊಡುವುದಕ್ಕೆ ಯೋಗ್ಯವೇ ಹೊರತು ರಾತ್ರಿಯಿಡೀ ನಿಧಾನವಾಗಿ ಬರಿದಾಗುವುದಕ್ಕಲ್ಲ. ಪದೇ ಪದೇ ಬರಿದಾದ ಸೀಸ-ಆಮ್ಲ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಅದರ ಸಾಮರ್ಥ್ಯ ಕುಗ್ಗುತ್ತದೆ. ಕರಾವಳಿಯಲ್ಲಿ ಇದಕ್ಕೆ ಮತ್ತೊಂದು ಕಾರಣವೂ ಉಂಟು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದೋಣಿಗಳು ದಡದಲ್ಲಿರುತ್ತವೆ. ಚಾರ್ಜ್ ಮಾಡದೆ ಬಿಟ್ಟ ಬ್ಯಾಟರಿ ತಾನಾಗಿಯೇ ಬರಿದಾಗುತ್ತ ಹೋಗುತ್ತದೆ. ಆಗಸ್ಟ್‌ನಲ್ಲಿ, ಕಡಲು ಇನ್ನೂ ಪ್ರಕ್ಷುಬ್ಧವಾಗಿರುವಾಗಲೇ, ದುರ್ಬಲ ಬ್ಯಾಟರಿಯೊಂದಿಗೆ ದೋಣಿ ನೀರಿಗಿಳಿಯುತ್ತದೆ.

ಉಪ್ಪುಗಾಳಿ ಇನ್ನೊಂದು ಶತ್ರು. ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿದು, ಜೋಡಣೆಗಳಲ್ಲಿ ಪ್ರತಿರೋಧ ಹೆಚ್ಚುತ್ತದೆ. ಮನೆಯ 230 ವೋಲ್ಟ್‌ನಲ್ಲಿ ಒಂದು ವೋಲ್ಟ್ ನಷ್ಟ ಲೆಕ್ಕಕ್ಕಿಲ್ಲ. 12 ವೋಲ್ಟ್‌ನ ದೋಣಿಯಲ್ಲಿ ಅಷ್ಟೇ ನಷ್ಟ ವೈರ್‌ಲೆಸ್‌ನ ದನಿಯನ್ನು ಅಡಗಿಸಬಲ್ಲದು. ಮಿತಿಮೀರಿ ಚಾರ್ಜ್ ಆದ ಬ್ಯಾಟರಿ ಹೊರಸೂಸುವ ಜಲಜನಕವು ಗಾಳಿಯಾಡದ ಎಂಜಿನ್ ಕೋಣೆಯಲ್ಲಿ ಸಂಗ್ರಹವಾದರೆ, ಸಡಿಲ ತಂತಿಯ ಒಂದು ಕಿಡಿಯೂ ಅಪಾಯಕಾರಿ.

ಪರಿಹಾರ ದುಬಾರಿಯೇನಲ್ಲ. ಎಂಜಿನ್ ಚಾಲನೆಗೆ ಒಂದು, ಸಂಪರ್ಕ ಸಾಧನಗಳಿಗೆ ಪ್ರತ್ಯೇಕವಾಗಿ ಮತ್ತೊಂದು ಬ್ಯಾಟರಿ. ಎರಡನ್ನೂ ಚಾರ್ಜ್ ಮಾಡುತ್ತಲೇ ಒಂದು ಇನ್ನೊಂದನ್ನು ಬರಿದು ಮಾಡದಂತೆ ತಡೆಯುವ ಐಸೊಲೇಟರ್. ತವರ ಲೇಪಿತ ತಂತಿ. ಪ್ರತಿ ಜೋಡಣೆಗೂ ಫ್ಯೂಸ್. ಕ್ಯಾಬಿನ್ ಮೇಲೆ 100 ವಾಟ್‌ನ ಸೌರಫಲಕವಿದ್ದರೆ ಒಳ್ಳೆಯ ಬಿಸಿಲಿನ ದಿನ ಸುಮಾರು 30 ಆಂಪಿಯರ್-ಗಂಟೆ ದೊರೆಯುತ್ತದೆ. ಎಂಜಿನ್ ಕೆಟ್ಟು ನಿಂತ ದೋಣಿಯ ಕರೆ ದಡಕ್ಕೆ ಕೇಳಿಸಲು ಇದು ಸಾಕು.

ದೋಣಿಗಳ ಪರವಾನಗಿಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಆಧಾರವಿದೆ. ದೋಣಿಗಳು ದಡದಲ್ಲಿರುವ ನಿಷೇಧದ ದಿನಗಳೇ ವಿದ್ಯುತ್ ತಪಾಸಣೆಗೆ ಸಕಾಲ. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಕೆಲ ಗಂಟೆಗಳ ವಿಶ್ರಾಂತಿಯ ಬಳಿಕ ಸುಮಾರು 12.7 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅದು ಅರ್ಧ ಬರಿದಾಗಿದೆ ಎಂದೇ ಅರ್ಥ. ಇದನ್ನು ಅಳೆಯಲು ಕೆಲವು ನೂರು ರೂಪಾಯಿಯ ಮೀಟರ್ ಸಾಕು. ಉಚಿತವಾಗಿ ಟ್ರಾನ್ಸ್‌ಪಾಂಡರ್ ಒದಗಿಸುವ ಸರ್ಕಾರ, ಅದರ ಜೊತೆಗೆ ಪ್ರತ್ಯೇಕ ಬ್ಯಾಟರಿಗೂ ಸಹಾಯಧನ ನೀಡಿ ವಾರ್ಷಿಕ ತಪಾಸಣೆಯನ್ನು ಕಡ್ಡಾಯಗೊಳಿಸುವುದು ಉಚಿತ. ಇಲ್ಲವಾದರೆ ಯೋಜನೆಯ ಲೆಕ್ಕಪತ್ರದಲ್ಲಿ ಟ್ರಾನ್ಸ್‌ಪಾಂಡರ್‌ಗಳ ಸಂಖ್ಯೆ ಬೆಳೆಯಬಹುದು, ಮೀನುಗಾರರ ಸುರಕ್ಷತೆ ಬೆಳೆಯಲಾರದು.