ಕಂಪ್ಯೂಟರು ಮೇಷ್ಟರಿಗೆ ಉಪದೇಶ ಸಾಕು

ಉಪದೇಶಕ್ಕೆ ಖರ್ಚಿಲ್ಲ. ಆದ್ದರಿಂದಲೇ ನಮ್ಮ ಶಾಲೆಗಳಲ್ಲಿ ಉಪಾಧ್ಯಾಯರಿಗೆ ಸಂಬಳಕ್ಕಿಂತ ಉದಾರವಾಗಿ ದೊರೆಯುವ ವಸ್ತು ಅದೊಂದೇ. ಈಚೆಗೆ ಈ ಮಳೆ ಬಿರುಸಾಗಿ ಸುರಿಯುತ್ತಿರುವುದು ಮಿಡ್ಲ್‌ಸ್ಕೂಲಿನ ಕಂಪ್ಯೂಟರು ಮೇಷ್ಟರ ಮೇಲೆ. ಆರು, ಏಳು, ಎಂಟನೆಯ ತರಗತಿಗಳ ಮಕ್ಕಳಿಗೆ ಯಂತ್ರವಿದ್ಯೆ ಕಲಿಸುವ ಇವರಿಗೆ ‘ಹುರುಪು ಕುಂದಬಾರದು, ಮನೆಗೂ ಕೆಲಸಕ್ಕೂ ಸಮತೋಲ ತಪ್ಪಬಾರದು, ದಿನವೂ ಹೊಸದನ್ನು ಕಲಿಯುತ್ತಿರಬೇಕು’ ಎಂದು ಬೋಧಿಸುವ ಶಿಬಿರಗಳು ರಜಾ ದಿನಗಳಲ್ಲೇ ನಡೆಯುವುದುಂಟು. ಸಮತೋಲವನ್ನು ಕಲಿಯಲು ಭಾನುವಾರವನ್ನು ಕಳೆದುಕೊಳ್ಳಬೇಕು! ಇದಕ್ಕಿಂತ ಸೊಗಸಾದ ಪ್ರಹಸನ ಬೇರೆ ಬೇಕೆ?

ನಾನು ಕನ್ನಡ ಮೇಷ್ಟರು; ಇದರಲ್ಲಿ ನಿಮಗೇನು ಕೆಲಸ ಎಂದು ವಾಚಕರು ಕೇಳಬಹುದು. ಬಿನ್ನವತ್ತಳೆ ಬರೆಯಬೇಕೆ? ಕನ್ನಡ ಮೇಷ್ಟರಿದ್ದಾರಲ್ಲ. ಸ್ವಾಗತ ಭಾಷಣ, ವಾರ್ಷಿಕ ಸಂಚಿಕೆಯ ಕರಡು, ಮಂತ್ರಿಗಳ ಹೊಗಳಿಕೆ? ಕನ್ನಡ ಮೇಷ್ಟರಿದ್ದಾರಲ್ಲ. ಈ ‘ಇದ್ದಾರಲ್ಲ’ ಎಂಬ ಮಾತಿನ ಭಾರ ನಮ್ಮ ಕುಲಕ್ಕೆ ಚೆನ್ನಾಗಿ ಗೊತ್ತು. ಇಂದು ಅದೇ ಮಾತು ಕಂಪ್ಯೂಟರು ಮೇಷ್ಟರ ಹೆಗಲೇರಿದೆ. ಹೊರೆ ಹೊತ್ತವನಿಗೆ ಹೊರೆಯ ಗುರುತು ಬೇಗ ಹತ್ತುತ್ತದೆ.

ನನ್ನ ಹಳೆಯ ಶಿಷ್ಯನೊಬ್ಬ ನಗರದ ಒಂದು ಖಾಸಗಿ ಶಾಲೆಯಲ್ಲಿ ಈ ಕೆಲಸದಲ್ಲಿದ್ದಾನೆ. ಬೆಳಗ್ಗೆ ಪ್ರಾರ್ಥನೆಗೆ ಮೈಕು ಸರಿಪಡಿಸುವವನು ಅವನು. ಮಕ್ಕಳ ವಿವರಗಳನ್ನು ಸರ್ಕಾರದ ಜಾಲತಾಣಕ್ಕೆ ತುಂಬುವವನು ಅವನು. ಅಂಕಪಟ್ಟಿ ಮುದ್ರಿಸುವುದು, ಪ್ರೊಜೆಕ್ಟರಿನ ತಂತಿ ಸಿಕ್ಕಿಸುವುದು, ಆಫೀಸಿನವರು ಮರೆತ ಪಾಸ್‌ವರ್ಡನ್ನು ಹುಡುಕುವುದು, ಎಲ್ಲವೂ ಅವನ ಪಾಲಿಗೆ. ಇವುಗಳ ಸಂದಿಯಲ್ಲಿ ಪಾಠ. ರಾತ್ರಿ ಒಂಬತ್ತಕ್ಕೆ ಯಾರೋ ತಂದೆ ಫೋನು ಮಾಡಿ, ‘ಮಗನ ಪ್ರಾಜೆಕ್ಟು ತೆರೆಯುತ್ತಿಲ್ಲ’ ಎನ್ನುತ್ತಾರೆ. ‘ಸಾರ್, ನಾನು ಪಾಠ ಹೇಳೋ ಮೇಷ್ಟ್ರೋ, ರಿಪೇರಿ ಮಾಡೋ ಮೇಸ್ತ್ರಿಯೋ ನನಗೇ ತಿಳೀತಿಲ್ಲ’ ಎಂದ. ಇವನಿಗೆ ಹುರುಪಿನ ಪಾಠ ಹೇಳಲು ಯಾರಿಗೆ ಬಾಯಿ ಬಂದೀತು?

ಬಾಯಿ ಬರುವವರಿದ್ದಾರೆ. ಬಳಲಿಕೆ ಮನಸ್ಸಿನ ದೌರ್ಬಲ್ಯ, ಧ್ಯಾನದಿಂದ ಹೋಗುತ್ತದೆ ಎಂಬುದು ಅವರ ಮತ. ವಿಶ್ವ ಆರೋಗ್ಯ ಸಂಸ್ಥೆಯ ಮತ ಬೇರೆ. ೨೦೧೯ರಲ್ಲಿ ಅಂಗೀಕಾರವಾದ ಅದರ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣದಲ್ಲಿ ಈ ಬಳಲಿಕೆಗೆ ರೋಗವೆಂಬ ಹೆಸರಿಲ್ಲ. ಕೆಲಸದ ಸ್ಥಳದಲ್ಲಿ ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಒತ್ತಡದ ಫಲವೆಂದು ಅದನ್ನು ವಿವರಿಸಲಾಗಿದೆ. ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲವೆನಿಸುವುದು. ದೋಷ ಹುಟ್ಟುವುದು ಕೆಲಸದ ಏರ್ಪಾಟಿನಲ್ಲಿ, ಔಷಧ ಕೊಡುವುದು ಮೇಷ್ಟರಿಗೆ! ಸೋರುವ ಮಾಡನ್ನು ಬಿಟ್ಟು ಒಳಗೆ ಮಲಗಿದವನಿಗೆ ಕಷಾಯ ಕುಡಿಸಿದಂತಾಯಿತು.

ಏರ್ಪಾಟು ಹೇಗಿದೆ ನೋಡಿ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಹಂತದಲ್ಲೇ ಕೋಡಿಂಗಿನ ಚಟುವಟಿಕೆಗಳು ಬರಬೇಕೆಂದಿತು. ಸಂತೋಷ. ಆದರೆ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ತೆರೆದರೆ, ಈ ತರಗತಿಗಳಿಗೆ ವಿಜ್ಞಾನ ಮತ್ತು ಗಣಿತ, ಸಮಾಜ ಪಾಠ, ಭಾಷೆ ಇವುಗಳಿಗೆ ಉಪಾಧ್ಯಾಯರಿರಬೇಕು, ಮಕ್ಕಳು ನೂರು ಮೀರಿದರೆ ಚಿತ್ರಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ ಇವುಗಳಿಗೆ ಅರೆಕಾಲಿಕ ಬೋಧಕರಿರಬೇಕು ಎಂದಿದೆ. ಕಂಪ್ಯೂಟರು ಮೇಷ್ಟರ ಹೆಸರೇ ಅಲ್ಲಿಲ್ಲ. ನೀತಿ ಅವರಿಂದ ಕೆಲಸವನ್ನು ಬಯಸುತ್ತದೆ. ಕಾಯಿದೆ ಅವರಿಗೊಂದು ಕುರ್ಚಿಯನ್ನೂ ಗುರುತಿಸಿಲ್ಲ. ಕುರ್ಚಿಯಿಲ್ಲದವನನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದಷ್ಟೆ.

ಅದೇ ಅನುಸೂಚಿಯಲ್ಲಿ ಇನ್ನೊಂದು ಮಾತಿದೆ. ಉಪಾಧ್ಯಾಯರ ಕೆಲಸ ವಾರಕ್ಕೆ ಕನಿಷ್ಠ ೪೫ ಗಂಟೆ. ಪಾಠದ ಸಿದ್ಧತೆಯ ಕಾಲವೂ ಇದರೊಳಗೇ ಸೇರಬೇಕು. ಸಿದ್ಧತೆಯೂ ಕೆಲಸವೇ ಎಂದು ಕಾಯಿದೆ ಒಪ್ಪಿದೆ. ಒಪ್ಪದಿರುವುದು ನಮ್ಮ ಆಡಳಿತ ಮಂಡಳಿಗಳು. ಮೇಷ್ಟರ ಬಿಡುವಿನ ಪಿರಿಯಡ್ಡು ಅವರ ಕಣ್ಣಿಗೆ ಪಾಳುಬಿದ್ದ ನಿವೇಶನ. ಕಂಡ ಕೂಡಲೇ ಏನಾದರೂ ಕಟ್ಟಿಬಿಡಬೇಕು.

ಇನ್ನು ಪಾಠದ ಲೆಕ್ಕ. ತರಗತಿಯಲ್ಲಿ ೪೦ ಮಕ್ಕಳು, ಕೋಣೆಯಲ್ಲಿ ೨೦ ಯಂತ್ರ, ಅವುಗಳಲ್ಲಿ ಐದು ಕೆಟ್ಟಿವೆ ಎಂದಿಟ್ಟುಕೊಳ್ಳಿ. ೪೦ ನಿಮಿಷದ ಪಿರಿಯಡ್ಡಿನಲ್ಲಿ ಚಪ್ಪಲಿ ಬಿಟ್ಟು ಕುಳಿತು ಯಂತ್ರ ಎಚ್ಚರಾಗಲು ಹತ್ತು ನಿಮಿಷ ಹೋಯಿತು. ಉಳಿದ ಅರ್ಧ ಗಂಟೆಯಲ್ಲಿ ಒಂದು ಮಗುವಿನ ಬೆರಳಿಗೆ ಕೀಲಿಮಣೆ ಸಿಕ್ಕುವುದು ಸುಮಾರು ೧೧ ನಿಮಿಷ. ಹುರುಪಿನಿಂದ ಈ ಭಾಗಾಕಾರದ ಉತ್ತರ ಬದಲಾಗುತ್ತದೆಯೆ?

‘ಎಲ್ಲ ಮೇಷ್ಟರಿಗೂ ಕಷ್ಟವಿದೆ, ಇವರದೇನು ವಿಶೇಷ?’ ಎಂದು ಕೆಲವರು ಕೇಳುತ್ತಾರೆ. ವಿಶೇಷವಿದೆ. ನನ್ನ ವ್ಯಾಕರಣದ ಪಾಠ ಮುಂದಿನ ವರ್ಷವೂ ಅದೇ. ಅವರ ಪಾಠದ ಉಪಕರಣ ವರ್ಷ ತುಂಬುವುದರೊಳಗೆ ಹಳತಾಗುತ್ತದೆ. ನಿನ್ನೆ ಫ್ಲಾಪಿ, ಆಮೇಲೆ ಸೀಡಿ, ಇಂದು ಕೃತಕ ಬುದ್ಧಿ. ಪ್ರತಿ ಹೊಸ ಸರಕಿನ ಹಿಂದೆಯೂ ಓಡಬೇಕೆಂಬ ಒತ್ತಾಯವೇ ಅವರ ಸಮತೋಲವನ್ನು ಮೊದಲು ಕೆಡಿಸುವುದು. ಈ ಓಟವನ್ನು ಅವರು ಧೈರ್ಯವಾಗಿ ನಿಲ್ಲಿಸಬೇಕೆಂದು ನನ್ನ ವಾದ.

ಏಕೆಂದರೆ ಆ ವಿದ್ಯೆಯ ತಿರುಳು ಅಷ್ಟು ಬೇಗ ಬದಲಾಗುವುದಲ್ಲ. ೧೯೬೭ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ‘ಲೋಗೋ’ ಎಂಬ ಭಾಷೆಯನ್ನು ಕಟ್ಟಿದರು. ಅದರ ಆಮೆಗೆ ‘ಮುಂದೆ ನಡೆ, ೯೦ ಡಿಗ್ರಿ ತಿರುಗು’ ಎಂದು ನಾಲ್ಕು ಸಲ ಹೇಳಿದರೆ ಚೌಕ. ಸಮಬಾಹು ತ್ರಿಕೋನಕ್ಕೆ ೬೦ ಡಿಗ್ರಿ ಎಂದ ಹುಡುಗನ ಆಮೆ ದಾರಿ ತಪ್ಪುತ್ತದೆ. ತಿರುಗಬೇಕಾದದ್ದು ೧೨೦ ಎಂದು ಅವನೇ ಕಂಡುಕೊಳ್ಳುತ್ತಾನೆ. ನಮ್ಮ ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ‘ಅಕ್ಕ’ ಎಂದು ಬರೆಯುವ ಹುಡುಗಿ, ನಡುವೆ ಎಫ್ ಕೀಲಿ ಒತ್ತಿ ಮೊದಲ ಕಕಾರದ ಸ್ವರವನ್ನು ಕಳೆದ ಮೇಲೆಯೇ ಎರಡನೆಯ ಕಕಾರ ಒತ್ತಾಗಿ ಕೂರುವುದನ್ನು ಕಾಣುತ್ತಾಳೆ. ನಾನು ಕರಿಹಲಗೆಯ ಮೇಲೆ ವಾರಗಟ್ಟಲೆ ಹೇಳುವ ವ್ಯಂಜನದ ಪಾಠವನ್ನು ಅವಳ ಬೆರಳು ಕ್ಷಣದಲ್ಲಿ ಕಲಿಯುತ್ತದೆ. ಕ್ರಮವಾಗಿ ಯೋಚಿಸುವುದು, ತಪ್ಪಿದ ಹೆಜ್ಜೆಯನ್ನು ಹುಡುಕುವುದು, ಮತ್ತೆ ತಿದ್ದುವುದು: ಇಷ್ಟನ್ನು ಕಲಿಸಿದವರು ಸಂತೆಗೆ ಬಂದ ಹೊಸ ಸರಕಿಗೆಲ್ಲ ಹೆದರಬೇಕಾಗಿಲ್ಲ. ಹುಡುಗನ ಆಮೆ ಸರಿದಾರಿಗೆ ಬಂದಾಗ ಅವನ ಮುಖ ಅರಳುತ್ತದಲ್ಲ, ಮೇಷ್ಟರ ಹುರುಪು ಹುಟ್ಟುವುದು ಅಲ್ಲಿ. ಅದನ್ನು ಕಾಣುವಷ್ಟು ಬಿಡುವು ಮಾತ್ರ ಅವರಿಗೆ ಬೇಕು.

ಆ ಬಿಡುವನ್ನು ಕೊಡುವುದು ಬ್ರಹ್ಮವಿದ್ಯೆಯಲ್ಲ. ಕೆಟ್ಟ ಯಂತ್ರಕ್ಕೆ ವಾರಕ್ಕೊಂದು ದಿನ ರಿಪೇರಿಯವನನ್ನು ಕರೆಸಿ. ವಿವರ ತುಂಬಲು ಗುಮಾಸ್ತರನ್ನು ನೇಮಿಸಿ. ಸಿದ್ಧತೆಯ ಪಿರಿಯಡ್ಡನ್ನು ವೇಳಾಪಟ್ಟಿಯಲ್ಲಿ ಮಸಿಯಿಂದ ಬರೆಯಿರಿ, ಪೆನ್ಸಿಲಿನಿಂದ ಬೇಡ. ಸಂಜೆಯ ಮೇಲೆ ಫೋನು ಮಾಡಬೇಡಿ. ಮೇಷ್ಟರೂ ‘ಇದು ನನ್ನ ಕೆಲಸವಲ್ಲ’ ಎಂಬ ಮೂರು ಪದದ ಮಾತನ್ನು ವಿನಯದಿಂದ ಆಡಲು ಕಲಿಯಲಿ. ಆದರೆ ಕೆಲಸ ಹೋದೀತೆಂಬ ಹೆದರಿಕೆಯಲ್ಲಿರುವ ಗುತ್ತಿಗೆಯ ಮೇಷ್ಟರಿಂದ ಆ ಧೈರ್ಯವನ್ನು ಕೇಳುವ ಮೊದಲು ಅವರ ಕೆಲಸವನ್ನು ಕಾಯಂ ಮಾಡಿ.

ವಾಚಕರಲ್ಲಿ ತಂದೆ ತಾಯಂದಿರೇ ಹೆಚ್ಚು. ‘ಕಂಪ್ಯೂಟರು ಫೀಸು’ ಎಂದು ಕಟ್ಟುವವರು ನೀವು; ಕೇಳುವ ಹಕ್ಕೂ ನಿಮ್ಮದೇ. ಮುಂದಿನ ಪೋಷಕರ ಸಭೆಯಲ್ಲಿ ಮಗನಿಗೆ ಎಷ್ಟು ಅಂಕ ಬಂತೆಂಬುದನ್ನು ಒಂದು ಗಳಿಗೆ ಬದಿಗಿಟ್ಟು, ‘ನಮ್ಮ ಕಂಪ್ಯೂಟರು ಮೇಷ್ಟರಿಗೆ ವಾರದಲ್ಲಿ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಚಾಕರಿ?’ ಎಂದು ಕೇಳಿ. ಉತ್ತರ ಬರುವ ತನಕ ಕುರ್ಚಿ ಬಿಟ್ಟೇಳಬೇಡಿ.