ಗಾಡಿಗೂ ಉಂಟು ಪರೀಕ್ಷೆ

ಪುಟ್ಟ ಗೆಳೆಯರೇ, ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದುತ್ತಿರುವ ತಾತ ಅಜ್ಜಿಯರೇ,

ಪರೀಕ್ಷೆ ಎಂದರೆ ಮಕ್ಕಳಿಗೆ ಮಾತ್ರ ಅಂತ ನೀವು ಗೊಣಗುವುದು ನನಗೆ ಗೊತ್ತು. ಹಾಗೇನಿಲ್ಲ. ನಿಮ್ಮನ್ನು ಶಾಲೆಗೆ ಕರೆದೊಯ್ಯುವ ಆಟೋಗೂ ಪರೀಕ್ಷೆ ಇದೆ. ಊರಿಗೆ ಹೋಗುವ ಬಸ್ಸಿಗೆ ಇದೆ. ಜಲ್ಲಿ ತುಂಬಿದ ಲಾರಿಗೆ ಇದೆ. ಮನೆಯ ಮುಂದೆ ನಿಂತ ತಾತನ ಸ್ಕೂಟರಿಗೂ ಒಂದು ವಯಸ್ಸಾದ ಮೇಲೆ ಇದೆ. ಪಾಸಾದರೆ ರಸ್ತೆಗೆ ಇಳಿಯಬಹುದು. ಫೇಲಾದರೆ ರಿಪೇರಿ ಮಾಡಿಸಿಕೊಂಡು ಮತ್ತೆ ಬರಬೇಕು. ಈ ಪರೀಕ್ಷೆಯಲ್ಲಿ ಪಾಸಾದ ಗಾಡಿಗೆ ಕೊಡುವ ಪತ್ರಕ್ಕೆ ಅರ್ಹತಾ ಪತ್ರ ಎಂದು ಹೆಸರು. ಜನರ ಬಾಯಲ್ಲಿ ಅದು ‘ಎಫ್‌ಸಿ’.

ಯಾವ ಗಾಡಿಗೆ ಯಾವ ಪರೀಕ್ಷೆ ಎನ್ನುವುದನ್ನು ನಂಬರ್ ಪ್ಲೇಟಿನ ಬಣ್ಣ ನೋಡಿಯೇ ಹೇಳಬಹುದು. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಸ್ವಂತ ಬಳಕೆಯ ಗಾಡಿ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆಗೆ ಓಡುವ ಗಾಡಿ. ಹಸಿರು ಹಲಗೆ ಇದ್ದರೆ ವಿದ್ಯುತ್ ಗಾಡಿ. ಅದರಲ್ಲಿ ಅಕ್ಷರ ಬಿಳಿಯಾಗಿದ್ದರೆ ಸ್ವಂತದ್ದು, ಹಳದಿಯಾಗಿದ್ದರೆ ಬಾಡಿಗೆಯದು.

ಬಾಡಿಗೆ ಗಾಡಿಗಳು ದಿನವಿಡೀ ದುಡಿಯುತ್ತವೆ, ಬೇರೆಯವರ ಮಕ್ಕಳನ್ನು ಹೊರುತ್ತವೆ. ಹಾಗಾಗಿ ಅವಕ್ಕೆ ಪರೀಕ್ಷೆ ಮೇಲಿಂದ ಮೇಲೆ. ಹೊಸ ಗಾಡಿಗೆ ಮೊದಲ ಎಫ್‌ಸಿ 2 ವರ್ಷಕ್ಕೆ. ಗಾಡಿಗೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಒಂದು ಗಟ್ಟಿ ಮಾತು ಹೇಳುತ್ತದೆ: ಅರ್ಹತಾ ಪತ್ರ ಇಲ್ಲದ ಬಾಡಿಗೆ ಗಾಡಿ ನೋಂದಣಿಯೇ ಆಗದ ಗಾಡಿಗೆ ಸಮ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಸಹಿ ಇಲ್ಲದ ಚೆಕ್ಕು. ಅಂಕಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಪ್ರಯೋಜನವಿಲ್ಲ.

ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ. ಅದು ಮುಗಿದ ಮೇಲೆ ಗಾಡಿಯನ್ನು ಕಚೇರಿಗೆ ಒಯ್ದು ತೋರಿಸಿ, ಸರಿಯಿದೆ ಎನಿಸಿಕೊಂಡರೆ ಮತ್ತೆ 5 ವರ್ಷ. ಹೀಗೆ 5 ವರ್ಷಕ್ಕೊಮ್ಮೆ.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

ಪರೀಕ್ಷೆ ಮಾಡುವವರು ಮೋಟಾರು ವಾಹನ ನಿರೀಕ್ಷಕರು. ನಮ್ಮ ಕಾಲದವರಿಗೆ ಅವರು ‘ಬ್ರೇಕ್ ಇನ್ಸ್‌ಪೆಕ್ಟರ್’. ಆ ಹೆಸರೇ ಹೇಳುತ್ತದಲ್ಲ, ಮೊದಲ ಪ್ರಶ್ನೆ ಯಾವುದೆಂದು! ಬ್ರೇಕ್ ಹಿಡಿಯುತ್ತದೆಯೇ? ಹೆಡ್‌ಲೈಟ್ ಉರಿಯುತ್ತದೆಯೇ, ಅದರ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆಯೇ? ತಿರುಗುವಾಗ ತೋರಿಸುವ ಹಳದಿ ದೀಪ, ಹಿಂದಿನ ಕೆಂಪು ದೀಪ ಸರಿಯಿವೆಯೇ? ಹಾರನ್ ಕೇಳಿಸುತ್ತದೆಯೇ, ಕಿವಿ ಹರಿಯುವ ಹಾಗೆ ಕೂಗುತ್ತದೆಯೇ? ಸ್ಟಿಯರಿಂಗ್ ಸಡಿಲವಾಗಿದೆಯೇ? ವೈಪರ್, ಕನ್ನಡಿ, ಟೈರು, ವೇಗ ತೋರಿಸುವ ಮುಳ್ಳು, ಹೊಗೆ, ಎಲ್ಲವೂ ಪ್ರಶ್ನೆಪತ್ರಿಕೆಯಲ್ಲಿವೆ.

ಹಿಂದೆಲ್ಲ ಇದನ್ನು ಕಣ್ಣಲ್ಲಿ ನೋಡಿ, ಓಡಿಸಿ ಹೇಳುತ್ತಿದ್ದರು. ಯಂತ್ರಗಳಿಂದಲೇ ಪರೀಕ್ಷೆ ಮಾಡುವ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಅಲ್ಲಿ ಗಾಡಿಯ ಚಕ್ರಗಳನ್ನು ಉರುಳುವ ಎರಡು ಸಿಲಿಂಡರುಗಳ ಮೇಲೆ ನಿಲ್ಲಿಸುತ್ತಾರೆ. ಗಾಡಿ ನಿಂತಲ್ಲೇ ಇರುತ್ತದೆ, ಚಕ್ರ ತಿರುಗುತ್ತಿರುತ್ತದೆ. ಆಗ ಬ್ರೇಕ್ ಒತ್ತಿದರೆ ಎಡಗಡೆ ಚಕ್ರ ಎಷ್ಟು ಬಲವಾಗಿ ಹಿಡಿಯಿತು, ಬಲಗಡೆಯದು ಎಷ್ಟು ಎಂದು ಯಂತ್ರ ಬೇರೆ ಬೇರೆಯಾಗಿ ಹೇಳುತ್ತದೆ. ಒಂದು ಕಡೆ ಮಾತ್ರ ಹಿಡಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ, ಅದೂ ದೋಷವೇ.

ಬ್ರೇಕಿಗೆ ಇಷ್ಟು ಮರ್ಯಾದೆ ಯಾಕೆ ಅಂತ ಒಂದು ಲೆಕ್ಕ ಮಾಡೋಣ. ಪೆನ್ಸಿಲ್ ತೆಗೆದುಕೊಳ್ಳಿ.

ಆಟೋ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಅಂದರೆ 36,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿ. ಸೆಕೆಂಡಿಗೆ 10 ಮೀಟರ್. ಅಡ್ಡ ಬಂದ ನಾಯಿಯನ್ನು ಕಂಡು ಡ್ರೈವರ್ ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ 1 ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ಅಷ್ಟರಲ್ಲೇ 10 ಮೀಟರ್ ಹೋಯಿತು. ಬ್ರೇಕ್ ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 5 ಮೀಟರಿನಷ್ಟು ಕಡಿಮೆ ಮಾಡಿದರೆ, ನಿಲ್ಲಲು 2 ಸೆಕೆಂಡ್, ಇನ್ನೂ 10 ಮೀಟರ್. ಒಟ್ಟು 20. ಬ್ರೇಕ್ ಸವೆದು ಅರ್ಧ ಬಲ ಮಾತ್ರ ಉಳಿದಿದ್ದರೆ? ನಿಲ್ಲಲು 4 ಸೆಕೆಂಡ್, 20 ಮೀಟರ್. ಒಟ್ಟು 30. ಆ ಹೆಚ್ಚಿನ 10 ಮೀಟರಿನಲ್ಲಿ ನಾಯಿ ಇರಬಹುದು, ನಿಮ್ಮ ವಯಸ್ಸಿನ ಮಗುವೂ ಇರಬಹುದು.

ಟೈರನ್ನು ನೀವೇ ಪರೀಕ್ಷಿಸಬಹುದು. ಟೈರಿನ ಮೇಲಿನ ಗೀರುಗಳು ಅಂದಕ್ಕೆ ಇರುವುದಲ್ಲ. ಮಳೆ ಬಂದಾಗ ನೀರು ಆ ಗೀರುಗಳ ಮೂಲಕ ಹೊರಗೆ ಹೋಗುತ್ತದೆ, ರಬ್ಬರು ರಸ್ತೆಯನ್ನು ಹಿಡಿದುಕೊಳ್ಳುತ್ತದೆ. ಗೀರಿನ ಆಳ ಕಾರು, ಬಸ್ಸುಗಳಲ್ಲಿ 1.6 ಮಿಲಿಮೀಟರಿಗಿಂತ, ಸ್ಕೂಟರ್ ಮತ್ತು ಆಟೋಗಳಲ್ಲಿ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದು ಎಂದು ನಿಯಮ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಬ್ಬ ಕಾಣುತ್ತದೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಟೈರಿನ ಆಯಸ್ಸು ಮುಗಿಯಿತು. ನೋಡುವಾಗ ಗಾಡಿ ನಿಂತಿರಬೇಕು, ದೊಡ್ಡವರು ಜೊತೆಗಿರಬೇಕು.

ಇನ್ನು ಹೊಗೆ ಪರೀಕ್ಷೆ. ಇದು ಬಿಳಿ ಹಲಗೆಗೂ ಬೇಕು, ಹಳದಿ ಹಲಗೆಗೂ ಬೇಕು. ಹೊಸ ಗಾಡಿಗೆ ಮೊದಲ ವರ್ಷ ವಿನಾಯಿತಿ. ಆಮೇಲೆ ಬಿಎಸ್-4 ಮತ್ತು ಬಿಎಸ್-6 ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ 6 ತಿಂಗಳಿಗೊಮ್ಮೆ. ಹೊಗೆ ಕೊಳವೆಯೊಳಗೆ ಒಂದು ನಳಿಕೆ ಇಟ್ಟು ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ಅಳೆಯುತ್ತಾರೆ. ಬಣ್ಣವೂ ವಾಸನೆಯೂ ಇಲ್ಲದ ವಿಷ ಅದು. ಹಳೆಯ ಸ್ಕೂಟರಿಗೆ ಶೇಕಡಾ 3.5ರವರೆಗೆ ಅವಕಾಶವಿದ್ದರೆ, ಬಿಎಸ್-4 ಪೆಟ್ರೋಲ್ ಕಾರಿಗೆ 0.3 ಮಾತ್ರ. ವಿದ್ಯುತ್ ಗಾಡಿಗೆ ಈ ಪರೀಕ್ಷೆಯೇ ಇಲ್ಲ. ಅದಕ್ಕೆ ಹೊಗೆ ಕೊಳವೆಯೇ ಇಲ್ಲವಲ್ಲ!

ಪರೀಕ್ಷಾ ಕೇಂದ್ರ ಎಲ್ಲಿದೆ?

ಹೊಗೆ ಪರೀಕ್ಷೆಯ ಕೇಂದ್ರ ಹುಡುಕುವುದು ಸುಲಭ. ಅನೇಕ ಪೆಟ್ರೋಲ್ ಬಂಕುಗಳಲ್ಲೇ ‘ಎಮಿಷನ್ ಟೆಸ್ಟ್’ ಎಂಬ ಬೋರ್ಡು ಇರುತ್ತದೆ. ಎಫ್‌ಸಿಗೆ ಮತ್ತು ನೋಂದಣಿ ನವೀಕರಣಕ್ಕೆ ಪ್ರಾದೇಶಿಕ ಸಾರಿಗೆ ಕಚೇರಿಗೆ, ಅಂದರೆ ಆರ್‌ಟಿಓಗೆ ಹೋಗಬೇಕು. ಯಾವ ಕಚೇರಿ ಎನ್ನುವ ಸುಳಿವು ನಂಬರಿನಲ್ಲೇ ಇದೆ. ‘ಕೆಎ’ ಎಂದರೆ ಕರ್ನಾಟಕ. ಅದರ ಮುಂದಿನ ಎರಡು ಅಂಕಿ ಗಾಡಿ ನೋಂದಣಿಯಾದ ಕಚೇರಿಯದು. 06 ತುಮಕೂರು, 11 ಮಂಡ್ಯ, 13 ಹಾಸನ, 14 ಶಿವಮೊಗ್ಗ, 19 ಮಂಗಳೂರು, 22 ಬೆಳಗಾವಿ, 25 ಧಾರವಾಡ, 32 ಕಲಬುರಗಿ. ಗಾಡಿಯ ಪತ್ರಗಳ ಅವಧಿ ನೋಡುವುದಕ್ಕೆ ‘ಎಂಪರಿವಾಹನ್’ ಎಂಬ ಸರ್ಕಾರಿ ಆ್ಯಪ್ ಇದೆ. ನಂಬರ್ ಹಾಕಿದರೆ ನೋಂದಣಿ, ಎಫ್‌ಸಿ, ವಿಮೆ ಯಾವಾಗ ಮುಗಿಯುತ್ತವೆ ಎಂದು ತೋರಿಸುತ್ತದೆ. ಮೊಬೈಲು ನಮ್ಮ ಕೈಗೆ ಬಗ್ಗದಿದ್ದರೆ ಮೊಮ್ಮಕ್ಕಳಿದ್ದಾರಲ್ಲ.

ಇಷ್ಟೆಲ್ಲ ಬರೆಯಲು ಕಾರಣ ನನ್ನ ಮೊಮ್ಮಗಳು. ನಾಲ್ಕನೇ ತರಗತಿ. ಅಕ್ಷರ ಕಂಡಲ್ಲೆಲ್ಲ ಓದುವ ಹುಚ್ಚು. ಅವಳ ಶಾಲೆಯ ಆಟೋದ ಪಕ್ಕದಲ್ಲಿ ಬಣ್ಣದಲ್ಲಿ ಬರೆದಿದ್ದ ಎಫ್‌ಸಿ ತಾರೀಖನ್ನು ಒಂದು ಬೆಳಿಗ್ಗೆ ಗಟ್ಟಿಯಾಗಿ ಓದಿ, “ತಾತ, ಇದು ಮುಗಿದು ಎರಡು ತಿಂಗಳಾಯ್ತು” ಎಂದಳು. ಆಟೋದವರ ಮುಖ ಸಣ್ಣಗಾಯಿತು. ಆರು ವರ್ಷದಿಂದ ನಮ್ಮ ಬೀದಿಯ ಮಕ್ಕಳನ್ನು ಕರೆದೊಯ್ಯುವ ಮನುಷ್ಯ. ಮಕ್ಕಳಿಗೆ ಅವರು ಆಟೋ ಮಾಮ. ಒಂದು ದಿನವೂ ತಡ ಮಾಡಿದವರಲ್ಲ.

ಸಂಜೆ ಅವರೊಬ್ಬರೇ ಇದ್ದಾಗ ಕೇಳಿದೆ.

“ಏನು ಮಾಡ್ಲಿ ಸಾರ್, ಎರಡು ಟೈರು ಹಾಕಿಸ್ಬೇಕು, ಬ್ರೇಕ್ ಶೂ ಬದಲಾಯಿಸ್ಬೇಕು. ಗ್ಯಾರೇಜಿಗೆ ಒಂದು ದಿನ, ಆರ್‌ಟಿಓಗೆ ಒಂದು ದಿನ. ದುಡಿಮೆ ಹೋಗುತ್ತೆ. ಮಕ್ಕಳನ್ನ ಯಾರು ಬಿಡ್ತಾರೆ?”

ಭಾನುವಾರ ಐದು ಮನೆಯವರು ನಮ್ಮ ಜಗಲಿಯಲ್ಲಿ ಸೇರಿದೆವು. ಒಬ್ಬರು ಬೇರೆ ಆಟೋ ಹುಡುಕೋಣ ಎಂದರು. ಇನ್ನೊಬ್ಬರು, “ಇಷ್ಟು ದಿನ ಏನೂ ಆಗಿಲ್ಲವಲ್ಲ, ಬಿಡಿ ಸಾರ್” ಎಂದರು. ಎರಡೂ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಬ್ಯಾಂಕಿನಲ್ಲಿ ನಿನ್ನೆಯ ನಗದು ತಾಳೆಯಾಯಿತು ಅಂತ ಇವತ್ತು ಎಣಿಸದೆ ಬಿಡುತ್ತಿರಲಿಲ್ಲ. ಹಾಗೆಯೇ, ಪತ್ರ ಮುಗಿದಿದೆ ಅಂತ ಆರು ವರ್ಷದ ಮನುಷ್ಯನನ್ನು ಬಿಟ್ಟುಬಿಡುವುದೂ ಸರಿಯಲ್ಲ. ಬಿಟ್ಟರೆ ಅದೇ ಬೋಳು ಟೈರಿನಲ್ಲಿ ಅವರು ಬೇರೆ ಬೀದಿಯ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ, ಅಷ್ಟೇ. ಇನ್ನೊಂದು ವಿಷಯವನ್ನೂ ಹೇಳಿದೆ: ಎಫ್‌ಸಿ ಇಲ್ಲದ ಬಾಡಿಗೆ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆಯ ಪರಿಹಾರಕ್ಕೂ ತಕರಾರು ಬರಬಹುದು. ನಷ್ಟ ಎರಡು ಕಡೆಗೂ.

ಕೊನೆಗೆ ಐದೂ ಮನೆಯವರು ಮುಂದಿನ ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಆಟೋ ಮಾಮನ ಸಹಿ ಹಾಕಿಸಿಕೊಂಡೆ. ಶಾಲೆ ಒಂದು ಕಿಲೋಮೀಟರ್ ದೂರ. ಮೂರು ದಿನ ಇಬ್ಬರು ತಾತಂದಿರು, ಒಬ್ಬ ಅಜ್ಜಿ ಸರದಿಯ ಮೇಲೆ ಮಕ್ಕಳನ್ನು ನಡೆಸಿಕೊಂಡು ಹೋದೆವು. ಮೊದಲ ದಿನದ ಪರೀಕ್ಷೆಯಲ್ಲಿ ಟೈರು, ಬ್ರೇಕು ಪಾಸು, ಹೆಡ್‌ಲೈಟ್ ಫೇಲು. ಬೆಳಕು ಮೇಲಕ್ಕೆ ಹೊಡೆಯುತ್ತಿತ್ತಂತೆ. ಅದನ್ನು ಸರಿಮಾಡಿಸಿ ಮರುದಿನ ಮತ್ತೆ ಹೋದರು, ಪಾಸಾಯಿತು. ಹೊಸ ತಾರೀಖನ್ನು ಓದುವ ಕೆಲಸ ಮೊಮ್ಮಗಳಿಗೇ ಸಿಕ್ಕಿತು.

ಶಾಲಾ ಬಸ್ಸಿನಲ್ಲಿ ಹೋಗುವ ಮಕ್ಕಳು ಇನ್ನೂ ಕೆಲವನ್ನು ನೋಡಬೇಕು. 1997ರಲ್ಲಿ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳ ಬಗ್ಗೆ ಸೂಚನೆ ಕೊಟ್ಟಿತು. ಬಸ್ಸಿನ ಮುಂದೆ ಮತ್ತು ಹಿಂದೆ ಶಾಲಾ ಬಸ್ ಎಂದು ಬರೆದಿರಬೇಕು. ಶಾಲೆಯ ಹೆಸರು, ಫೋನ್ ನಂಬರ್ ಇರಬೇಕು. ಕಿಟಕಿಗೆ ಅಡ್ಡ ಸರಳು, ಬಾಗಿಲಿಗೆ ಗಟ್ಟಿ ಚಿಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ವೇಗ 40 ಕಿಲೋಮೀಟರ್ ಮೀರದಂತೆ ತಡೆಯುವ ಸಾಧನವಿರಬೇಕು. ಏನಾದರೂ ಇಲ್ಲದಿದ್ದರೆ ಡ್ರೈವರ್ ಜೊತೆ ವಾದಕ್ಕೆ ಇಳಿಯಬೇಡಿ. ಮನೆಯಲ್ಲಿ ಹೇಳಿ. ದೊಡ್ಡವರು ಶಾಲೆಗೆ ಬರವಣಿಗೆಯಲ್ಲಿ ಕೊಡಲಿ.

ನನ್ನ ವಾರಿಗೆಯವರಿಗೆ ಎರಡು ಮಾತು. ನಮ್ಮಲ್ಲಿ ಅನೇಕರ ಮನೆಯಲ್ಲಿ 15 ವರ್ಷ ಮುಟ್ಟಿದ ಸ್ಕೂಟರ್ ಇದೆ. ಅದರ ಜೊತೆ ನೆನಪುಗಳಿವೆ. ನೋಂದಣಿ ಮುಗಿಯುವ 60 ದಿನ ಮೊದಲಿಂದಲೇ ನಮೂನೆ 25ರಲ್ಲಿ ನವೀಕರಣಕ್ಕೆ ಅರ್ಜಿ ಹಾಕಬಹುದು. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಆರ್‌ಸಿ, ವಿಮೆ, ಹೊಗೆ ಪರೀಕ್ಷೆಯ ಪತ್ರ ಮೂರನ್ನೂ ಒಂದೇ ಕವರಿನಲ್ಲಿಡಿ. ಚಾಸಿ ನಂಬರಿನ ಅಚ್ಚು ಬೇಕಾಗುತ್ತದೆ. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಚಿತ್ರ ತೆಗೆಯುತ್ತಾರಲ್ಲ, ಹಾಗೆಯೇ. ಆ ಕೆಲಸ ಮೊಮ್ಮಕ್ಕಳಿಗೆ ಕೊಡಿ, ನಮಗಿಂತ ಚೆನ್ನಾಗಿ ಮಾಡುತ್ತಾರೆ. ಶುಲ್ಕವನ್ನು ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ. ಓಡಿಸುವವರೇ ಇಲ್ಲದ ಗಾಡಿಯಾದರೆ, ನವೀಕರಣ ಮಾಡಿಸುವ ಮೊದಲು ಒಮ್ಮೆ ಯೋಚಿಸಿ. ನೆನಪಿಗೆ ಒಂದು ಫೋಟೋ ಸಾಕಾಗಬಹುದು.

ಮಕ್ಕಳೇ, ಈ ವಾರದ ಕೆಲಸ ಇಷ್ಟು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ನೋಂದಣಿ, ವಿಮೆ, ಹೊಗೆ ಪರೀಕ್ಷೆ, ಎಫ್‌ಸಿ. ಮನೆಯ ಗಾಡಿ ಮತ್ತು ನೀವು ಶಾಲೆಗೆ ಹೋಗುವ ಗಾಡಿ, ಎರಡರ ಹೆಸರು ಬರೆದು ಯಾವುದು ಯಾವತ್ತು ಮುಗಿಯುತ್ತದೆ ಎಂದು ತುಂಬಿ. ಬಿಳಿ ಹಲಗೆಯ ಗಾಡಿಗೆ ಕೊನೆಯ ಕಾಲಂ ಖಾಲಿ ಬಿಡಿ. ತಾರೀಖು ಮುಗಿಯುವ ಒಂದು ತಿಂಗಳ ಮೊದಲ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ. ಆ ಕೆಂಪು ಸುತ್ತು ಯಾಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಮೇಲಿನ 20 ಮತ್ತು 30 ಮೀಟರಿನ ಲೆಕ್ಕವನ್ನು ಅವರಿಗೂ ಮಾಡಿ ತೋರಿಸಿ.