ಬೇವಿನ ನೆರಳಲ್ಲೊಂದು ತೋಟ

ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳೆಯ ಮನೆಗಳ ಅಂಗಳದಲ್ಲಿ ದೊಡ್ಡ ಬೇವಿನ ಗಿಡ ಇರುವುದುಂಟು. ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟಿದಾಗ ಮುತ್ಯಾನ ಹೊರಸು ಅದರ ಕೆಳಗೇ. ಆದರೆ ಆ ನೆರಳಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಮಳೆ ಬಂದರೆ ರಾಡಿ, ಬೇಸಿಗೆಯಲ್ಲಿ ಧೂಳು. ಆಗ ಮನೆಯಲ್ಲಿ ಒಂದು ಮಾತು ಏಳುತ್ತದೆ: "ಸುತ್ತ ಸಿಮೆಂಟ್ ಹಾಕಿಸಿಬಿಡೋಣ."

ಮಕ್ಕಳೇ, ಸ್ವಲ್ಪ ತಡೆಯಿರಿ. ನೀರು, ಸತ್ವ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ಕೊಂಬೆ ಚಾಚಿದಷ್ಟು ದೂರ, ಅದರಾಚೆಗೂ ಹರಡಿರುತ್ತವೆ. ಅವಕ್ಕೂ ಗಾಳಿ ಬೇಕು. ಸಿಮೆಂಟ್ ಹಾಕಿದರೆ, ಇಲ್ಲವೇ ಬುಡಕ್ಕೆ ಎರಡಡಿ ಮಣ್ಣು ಏರಿಸಿದರೆ ಅವು ಉಸಿರುಗಟ್ಟುತ್ತವೆ. ಗಿಡ ಅದೇ ವರ್ಷ ಒಣಗುವುದಿಲ್ಲ. ಕೆಲವು ವರ್ಷಗಳ ಮೇಲೆ ತುದಿಯ ಕೊಂಬೆ ಬೋಳಾಗುತ್ತವೆ. ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ.

ಸಿಮೆಂಟಿನ ಬದಲು ನೆರಳನ್ನೇ ಬಯಸುವ ಸಸ್ಯಗಳನ್ನು ಬೆಳೆಸೋಣ. ಮೊದಲು ಒಂದು ರಜಾದಿನ ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿ, ಕಲ್ಲಿಟ್ಟು ಗುರುತು ಮಾಡಿ. ಎಳೆಬಿಸಿಲು ಬರುವಲ್ಲಿ ದೊಡ್ಡಪತ್ರೆ, ಅರಿಶಿನ. ಬಿಸಿಲೇ ಇಲ್ಲದ ಕಡೆ ಹಾವಿನಂತೆ ಪಟ್ಟೆಯಿರುವ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್. ಗುಲಾಬಿ, ಚೆಂಡುಹೂವು ಇಲ್ಲಿ ಬೇಡ. ಅವಕ್ಕೆ ಬಿಸಿಲೇ ಊಟ. ಮನಿ ಪ್ಲಾಂಟ್ ಎಲೆ ಬಾಯಿಗೆ ಹೋದರೆ ಉರಿ, ತುರಿಕೆ. ಚಿಕ್ಕ ತಮ್ಮ ತಂಗಿ ಇದ್ದರೆ ಅದನ್ನು ಕೈಗೆಟುಕದಂತೆ ಎತ್ತರದಲ್ಲಿಡಿ.

ನೆಡಲು ಒಳ್ಳೆಯ ಹೊತ್ತು ಮಿರಗದ ಮಳೆ ಹಿಡಿದ ಮೇಲೆ, ಜೂನ್ ತಿಂಗಳಲ್ಲಿ. ಗುದ್ದಲಿ ಬೇಡ, ಕುರುಪಿ ಸಾಕು. ಹೆಬ್ಬೆರಳು ದಪ್ಪದ ಬೇರು ಸಿಕ್ಕರೆ ಕಡಿಯದೆ ಪಕ್ಕಕ್ಕೆ ಸರಿದು ಅಗೆಯಿರಿ. ಬೇರು ದಟ್ಟವಾಗಿದ್ದರೆ ಹಳೆಯ ಗಡಿಗೆಯ ತಳಕ್ಕೆ ತೂತು ಮಾಡಿ, ಮಣ್ಣು ಮತ್ತು ತಿಪ್ಪೆಗೊಬ್ಬರ ತುಂಬಿ, ಅದರಲ್ಲೇ ನೆಡಿ. ಅರಿಶಿನಕ್ಕಂತೂ ಗಡಿಗೆಯೇ ಅನುಕೂಲ. ಎಂಟೊಂಬತ್ತು ತಿಂಗಳಿಗೆ ಎಲೆ ಒಣಗಿದಾಗ ಗಡಿಗೆ ಬೋರಲು ಹಾಕಿದರೆ ಕೊಂಬು ಕೈಗೆ ಬರುತ್ತದೆ, ಬೇವಿನ ಬೇರಿಗೆ ಪೆಟ್ಟಿಲ್ಲ.

ನೀರು ಹಾಕುವ ಮುಂಚೆ ಮಣ್ಣು ನೋಡಿ. ಎರೆಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಬೆರಳು ಚುಚ್ಚಿ, ತೇವವಿದ್ದರೆ ಹಾಕಬೇಡಿ. ಕೆಂಪು ಮುರ ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಹಾಕಿ. ನೆರಳಿದ್ದರೂ ಬೇವು ತನ್ನ ಪಾಲು ಹೀರಿಕೊಳ್ಳುತ್ತದೆ. ಹೀಗಾಗಿ ಮೊದಲ ಬೇಸಿಗೆ ದಾಟುವವರೆಗೆ ಎಳೆಯ ಸಸಿಗಳನ್ನು ಮರೆಯಬಾರದು. ಕಾಯಿಪಲ್ಲೆ ತೊಳೆದ ನೀರೂ ಆದೀತು.

ಮಾಗಿ ಮುಗಿದು ಬೇವು ಎಲೆ ಉದುರಿಸಿದಾಗ ಗುಡಿಸಿ ಸುಡಬೇಡಿ. ಮೂರು ಬೆರಳು ದಪ್ಪ ಹರಡಿ, ಕಾಂಡದಿಂದ ಒಂದು ಗೇಣು ಬಿಟ್ಟು. ಮಣ್ಣು ತಂಪಾಗಿರುತ್ತದೆ, ಎಲೆ ಕೊಳೆತು ಗೊಬ್ಬರವಾಗುತ್ತದೆ.

ಅಜ್ಜ-ಅಜ್ಜಿಯರಿಗೊಂದು ಮಾತು: ಬಗ್ಗಿ ಅಗೆಯುವ ಕೆಲಸ ಮೊಮ್ಮಕ್ಕಳಿಗೆ ಬಿಡಿ. ಆ ಬೇವು ನೆಟ್ಟವರು ಯಾರು, ಯಾವ ವರ್ಷ ಎಂದು ಹೇಳುವ ಕೆಲಸ ನಿಮ್ಮದು. ಅದನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಯಾರು ನೆಟ್ಟದ್ದೆಂದು ತಿಳಿದ ಗಿಡಕ್ಕೆ ಕೊಡಲಿ ಎತ್ತಲು ಕೈ ಬರುವುದಿಲ್ಲ.